ಲೆಕ್ಕಕ್ಕೆ ಬಾರದ ಪಾಠ: ಅಘನಾಶಿನಿ ಸೀಮೆಯ ಪದವಿ ಕಾಲೇಜುಗಳಲ್ಲಿ ಆನ್‌ಲೈನ್ ಕಲಿಕೆಯ ಆಸರೆ ಮತ್ತು ಸಿಬ್ಬಂದಿಯ ಮನ್ನಣೆ

ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಪದವಿ ಕಾಲೇಜುಗಳಲ್ಲಿ ತರಗತಿಯ ಹೊರಗೆ, ಮೊಬೈಲಿನ ಮೂಲಕ ವಿದ್ಯಾರ್ಥಿಗೆ ಸಿಗುವ ನೆರವನ್ನು ಕೊಡುವವರು ಯಾರು? ಆ ಕೆಲಸ ಯಾವ ಕಡತದಲ್ಲಿ ದಾಖಲಾಗುತ್ತದೆ? ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದೇ ರೂಢಿ. ಮೊದಲನೆಯದು ತಂತ್ರಜ್ಞಾನದ ಮಾತು, ಎರಡನೆಯದು ಸಿಬ್ಬಂದಿ ಆಡಳಿತದ ಮಾತು ಎಂದು ವಿಂಗಡಿಸಿ, ಒಂದಕ್ಕೆ ಟ್ಯಾಬ್ಲೆಟ್ಟು, ಇನ್ನೊಂದಕ್ಕೆ ಶಾಲು ಎಂದು ಪರಿಹಾರ ಹುಡುಕಿ ಕೈತೊಳೆದುಕೊಳ್ಳಲಾಗುತ್ತದೆ. ಒಟ್ಟಿಗೆ ಇಟ್ಟು ನೋಡಿದರೆ ಕಾಣುವ ಸಂಗತಿಯೇ ಬೇರೆ. ಆನ್‌ಲೈನ್ ಕಲಿಕೆಯಲ್ಲಿ ವಿದ್ಯಾರ್ಥಿ ಕೈಬಿಟ್ಟು ಹೋಗದಂತೆ ಹಿಡಿದು ನಿಲ್ಲಿಸುವ ಕೆಲಸಕ್ಕೆ ನಮ್ಮ ಮನ್ನಣೆಯ ವ್ಯವಸ್ಥೆಯಲ್ಲಿ ಒಂದು ಅಂಕಣವೇ ಇಲ್ಲ. ಆ ಕೆಲಸದ ಬಹುಪಾಲನ್ನು ಹೊತ್ತವರಿಗೆ ಆ ವ್ಯವಸ್ಥೆಯ ಬಾಗಿಲೇ ತೆರೆದಿಲ್ಲ. ಈ ಟಿಪ್ಪಣಿಯ ವಾದ ಇಷ್ಟೇ. ಯುಜಿಸಿಯ ನಿಯಮಾವಳಿ, ರಾಜ್ಯ ಸರ್ಕಾರದ ಪ್ರಕಟಣೆಗಳು ಹಾಗೂ ಈ ಸೀಮೆಯ ಕಾಲೇಜುಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವ ದಿನಚರಿ ಇದಕ್ಕೆ ಆಧಾರ.

ವ್ಯಾಪ್ತಿಯ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 1901ರ ಜೋಲಿಯೆಟ್ ಜೂನಿಯರ್ ಕಾಲೇಜಿನಿಂದ ಬೆಳೆದುಬಂದ ‘ಸಮುದಾಯ ಕಾಲೇಜು’ ಎಂಬ ಪದ್ಧತಿ ಭಾರತಕ್ಕೆ ಬಂದದ್ದು 1995ರಲ್ಲಿ, ಪುದುಚೇರಿ ವಿಶ್ವವಿದ್ಯಾಲಯದ ಮೂಲಕ. 2013–14ರ ಹೊತ್ತಿಗೆ ಯುಜಿಸಿ ಅದಕ್ಕೊಂದು ಯೋಜನೆಯನ್ನೂ ರೂಪಿಸಿತು. ನಮ್ಮ ಕರಾವಳಿಯಲ್ಲಿ ಆ ಹೆಸರು ಜನರ ಬಾಯಲ್ಲಿಲ್ಲ. ಆದರೆ ಅದು ಮಾಡಬೇಕಾದ ಕೆಲಸವನ್ನು ತಾಲೂಕು ಕೇಂದ್ರದ ಪದವಿ ಕಾಲೇಜುಗಳು ಮಾಡುತ್ತಿವೆ. ಬೆಳಿಗ್ಗೆ ಮನೆಯಿಂದ ಬಸ್ಸು ಹತ್ತಿ ಬಂದು ಸಂಜೆ ಮನೆಗೇ ಮರಳುವ, ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ, ಧಾರವಾಡಕ್ಕೋ ಮಂಗಳೂರಿಗೋ ಹೋಗಿ ಹಾಸ್ಟೆಲ್ಲಿನಲ್ಲಿರಲು ಅನುಕೂಲವಿಲ್ಲದ ಮಕ್ಕಳ ಕಾಲೇಜುಗಳಿವು. ಹುಟ್ಟಿನಲ್ಲೂ ಇವು ಸಮುದಾಯದವೇ. ಭಟ್ಕಳದ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಸಂಸ್ಥೆ 1919ರದು. ಪಕ್ಕದ ಅಂಕೋಲೆಯಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದ್ದು 1953ರಲ್ಲಿ. ಕುಮಟೆಯ ಕಾಲೇಜು ಮುಂಬಯಿಯ ಶಸ್ತ್ರಚಿಕಿತ್ಸಕ ಡಾ. ಎ.ವಿ. ಬಾಳಿಗಾ ಅವರ ಹೆಸರು ಹೊತ್ತಿದೆ. ಹೊನ್ನಾವರದ ಎಸ್‌ಡಿಎಂ ಕಾಲೇಜಿನ ಹಿಂದಿರುವುದೂ ಒಂದು ಶಿಕ್ಷಣ ಸಂಸ್ಥೆಯೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದದ್ದು ಆಮೇಲೆ. ಕಲೆ, ವಿಜ್ಞಾನ, ವಾಣಿಜ್ಯ ಪದವಿಗಳ ಮಟ್ಟಿಗೆ ಈ ಸೀಮೆಯೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಧೀನ. ಇಲ್ಲಿನ ಚರ್ಚೆ ಮುಖ್ಯವಾಗಿ ಸರ್ಕಾರಿ ಕಾಲೇಜುಗಳದ್ದು. ಅವುಗಳ ಆದೇಶಗಳು ಸಾರ್ವಜನಿಕವಾಗಿ ಸಿಗುತ್ತವೆ ಎಂಬುದೊಂದು ಕಾರಣ.

ಮಳೆಗಾಲ ಎಂಬ ಸೆಮಿಸ್ಟರ್

ಆನ್‌ಲೈನ್ ಕಲಿಕೆ ಎಂದೊಡನೆ ಎಲ್ಲರ ನೆನಪು ಕೋವಿಡ್‌ಗೆ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ರಾಜ್ಯದ ಪದವಿ ಕಾಲೇಜುಗಳು ನವೆಂಬರ್ 17ಕ್ಕೆ ತೆರೆದವು. ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ 2021ರ ಜುಲೈ 26ಕ್ಕೆ ಬಾಗಿಲು ತೆಗೆದವು. ಆ ಕಾಲ ಮುಗಿಯಿತು, ಆನ್‌ಲೈನ್ ನೆರವಿನ ಮಾತು ಇನ್ನೇಕೆ ಎಂದು ಬಯಲುಸೀಮೆಯವರು ಕೇಳಬಹುದು. ಕರಾವಳಿಯಲ್ಲಿ ಕೂತು ಹಾಗೆ ಕೇಳುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೆಡ್ ಅಲರ್ಟ್ ಬಂದಾಗಲೆಲ್ಲ ಜಿಲ್ಲಾಧಿಕಾರಿಗಳ ರಜೆಯ ಆದೇಶ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳ ಪಟ್ಟಣವೇ ನೀರಿನಲ್ಲಿ ನಿಂತಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಾಗ ಕುಮಟಾ–ಅಂಕೋಲಾ ನಡುವಿನ 66ನೇ ಹೆದ್ದಾರಿ ವಾರಗಟ್ಟಲೆ ಬಂದ್ ಆಯಿತು. ಘಟ್ಟದ ಬುಡದ ಊರುಗಳಲ್ಲಿ ಹಳ್ಳ ತುಂಬಿದರೆ ಬಸ್ಸು ಅರ್ಧದಿಂದಲೇ ತಿರುಗುತ್ತದೆ. ಸಿರ್ಸಿಯ ಕಡೆಯಿಂದ ಇಳಿದು ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿಗೆ ಒಂದೂ ಅಣೆಕಟ್ಟಿಲ್ಲ ಎಂಬುದು ನಮಗೆ ಹೆಮ್ಮೆಯ ವಿಷಯ. ಮಳೆ ಹೊಡೆದ ದಿನ ಅದರ ದಡದ ಹಳ್ಳಿಯ ವಿದ್ಯಾರ್ಥಿಗೆ ಕಾಲೇಜು ದೂರವಾಗುವುದೂ ಅಷ್ಟೇ ನಿಜ. ಹೀಗಾಗಿ ಬೆಸ ಸೆಮಿಸ್ಟರಿನ ಪಾಠದಲ್ಲಿ ಒಂದು ಭಾಗ ಪ್ರತಿ ವರ್ಷವೂ ತರಗತಿಯ ಹೊರಗೇ ಆಗಬೇಕು.

ಮಳೆಗಾಲದಲ್ಲಿ ಸಿಗ್ನಲ್ಲೂ ಮಳೆಯ ಮರ್ಜಿಯಲ್ಲೇ ಇರುತ್ತದೆ. ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ನೆಟ್‌ವರ್ಕೂ ಹೋಗುತ್ತದೆ. ಹುಡುಗರ ಕೈಯಲ್ಲಿ ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಲಾನ್ ಇದ್ದರೂ ಅದನ್ನು ಬಳಸುವಷ್ಟು ಹೊತ್ತು ಸಿಗ್ನಲ್ ನಿಲ್ಲುವುದಿಲ್ಲ. ಇದರ ಪರಿಣಾಮ ಬೋಧನೆಯ ರೂಪದ ಮೇಲೆ ಆಗಿದೆ. ನಲವತ್ತು ನಿಮಿಷದ ಒಂದು ವಿಡಿಯೊ ಪಾಠ ಸಾಧಾರಣ ಗುಣಮಟ್ಟದಲ್ಲಿಯೇ ನೂರೈವತ್ತು ಎಂಬಿ ದಾಟುತ್ತದೆ. ಅಷ್ಟೇ ಹೊತ್ತಿನ ಮಾತನ್ನು ಧ್ವನಿ ಸಂದೇಶವಾಗಿ ಕಳಿಸಿದರೆ ಐದು ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಗಳದ ತುದಿಗೋ ಗುಡ್ಡದ ನೆತ್ತಿಗೋ ಹೋಗಿ ಒಂದು ನಿಮಿಷ ನಿಂತರೆ ಇಳಿದುಬಿಡುತ್ತದೆ. ಈ ಭಾಗದಲ್ಲಿ ನಿಜವಾಗಿ ಕೆಲಸ ಮಾಡಿದ ಆನ್‌ಲೈನ್ ಪಾಠದಲ್ಲಿ ದೊಡ್ಡ ಪಾಲು ಧ್ವನಿ ಸಂದೇಶ, ಬರಹದ ಫೋಟೊ ಮತ್ತು ನೇರ ಫೋನ್ ಕರೆಯದ್ದು. ಮನ್ನಣೆಯ ನಿಯಮಗಳಿಗೆ ಕಾಣದೇ ಹೋದದ್ದೂ ಇದೇ ಪಾಲು.

ರಾಜ್ಯ ಕಟ್ಟಿದ್ದು

ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ದಾಖಲಿಸಬೇಕು. ಕಾಲೇಜು ಶಿಕ್ಷಣ ಇಲಾಖೆ ‘ಜ್ಞಾನನಿಧಿ’ ಎಂಬ ಯೂಟ್ಯೂಬ್ ವಾಹಿನಿಯಲ್ಲಿ ಪದವಿ ಪಾಠಗಳನ್ನು ಏರಿಸಿತು. 2021ರ ಜನವರಿಯಲ್ಲಿ ಕರ್ನಾಟಕ ಎಲ್‌ಎಂಎಸ್ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆಗೆ ಚಾಲನೆ ಸಿಕ್ಕಿತು. 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ನಾಲ್ಕೂವರೆ ಲಕ್ಷ ವಿದ್ಯಾರ್ಥಿಗಳು ಹಾಗೂ 24,000 ಬೋಧಕರು ಅದರ ವ್ಯಾಪ್ತಿಗೆ ಬರುತ್ತಾರೆ ಎಂದು ಘೋಷಿಸಲಾಯಿತು. ಅದೇ ವರ್ಷ ಜೂನ್‌ನಲ್ಲಿ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮ ಆರಂಭವಾಯಿತು. ಒಂದೂವರೆ ವರ್ಷದೊಳಗೆ ಇಷ್ಟನ್ನು ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ.

ಆದರೆ ಈ ಪಟ್ಟಿಯಲ್ಲಿರುವುದನ್ನು ಗಮನಿಸಿ: ಪಾಠದ ಸಂಗ್ರಹ, ಪಾಠ ಇಡುವ ಜಾಗ, ಪಾಠ ನೋಡುವ ಸಾಧನ. ಪಾಠ ನೋಡಿ ಅರ್ಥವಾಗದವನು ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ನಿಂತದ್ದು ಆ 24,000 ಎಂಬ ಅಂಕಿ ಮಾತ್ರ. ಅತಿಥಿ ಉಪನ್ಯಾಸಕರನ್ನು ಸೇರಿಸದೆ ಆ ಅಂಕಿ ಕೂಡಿಬರುವಂತೆಯೇ ಇಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ದೂರಶಿಕ್ಷಣದ ಅಧ್ಯಯನದಲ್ಲಿ ಇದು ಹಳೆಯ ವಿಷಯ. ಮೈಕಲ್ ಮೂರ್ 1989ರಲ್ಲೇ ಕಲಿಯುವವನ ಒಡನಾಟವನ್ನು ಮೂರಾಗಿ ವಿಂಗಡಿಸಿದ್ದರು: ಪಾಠದ ಜೊತೆ, ಕಲಿಸುವವರ ಜೊತೆ, ಓರಗೆಯವರ ಜೊತೆ. ಮೊದಲನೆಯದನ್ನಷ್ಟೇ ಅಚ್ಚುಕಟ್ಟಾಗಿ ಕಟ್ಟಿದರೆ ಆಗುವುದೇನು ಎಂಬುದಕ್ಕೆ ಅತಿ ಶ್ರೀಮಂತ ಉದಾಹರಣೆ ಹಾರ್ವರ್ಡ್ ಮತ್ತು ಎಂಐಟಿಗಳ ಮುಕ್ತ ಆನ್‌ಲೈನ್ ಕೋರ್ಸುಗಳು. ಜಸ್ಟಿನ್ ರೈಕ್ ಮತ್ತು ಹೊಸೆ ರುಯಿಪೆರೆಸ್-ವಾಲಿಯೆಂತೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2017–18ರಲ್ಲಿ ಅವುಗಳಿಗೆ ಸೇರಿದವರ ಪೈಕಿ ಮುಗಿಸಿದವರು ಶೇ. 3.13. ಜಗತ್ತಿನ ಅತ್ಯುತ್ತಮ ಮೇಷ್ಟರುಗಳ ಅತ್ಯುತ್ತಮ ವಿಡಿಯೊಗಳ ಫಲಿತಾಂಶ ಇದಾದರೆ, ಮಳೆಗಾಲದ ಮಿರ್ಜಾನಿನಲ್ಲೋ ಗೇರುಸೊಪ್ಪೆಯಲ್ಲೋ ಕೂತ ಹುಡುಗಿಯ ಮುಂದೆ ಯೂಟ್ಯೂಬ್ ಕೊಂಡಿ ಇಟ್ಟು ನಮ್ಮ ಕೆಲಸ ಮುಗಿಯಿತು ಎನ್ನಲಾಗದು.

ಒಂದು ಸವಕಳಿ ಲೆಕ್ಕ

ಒಂದು ಮಾದರಿ ಪ್ರಸಂಗ ಇಟ್ಟುಕೊಳ್ಳೋಣ. ಬಿ.ಕಾಂ. ಮೊದಲ ವರ್ಷ, ಸವಕಳಿಯ ಅಧ್ಯಾಯ. ಒಂದು ಲಕ್ಷ ರೂಪಾಯಿಯ ಯಂತ್ರ, ಡಿಮಿನಿಶಿಂಗ್ ಬ್ಯಾಲೆನ್ಸ್ ವಿಧಾನ, ಶೇ. 10. ವಿದ್ಯಾರ್ಥಿ ಮೊದಲ ವರ್ಷಕ್ಕೆ 10,000 ಬರೆದ, ಸರಿ. ಎರಡನೇ ವರ್ಷಕ್ಕೂ 10,000 ಬರೆದ, ಅಲ್ಲಿ ಲೆಕ್ಕ ಜಾರಿತು. ಪುಸ್ತಕದ ಉತ್ತರಕ್ಕೂ ತನ್ನದಕ್ಕೂ ಒಂದು ಸಾವಿರದ ವ್ಯತ್ಯಾಸ. ರಾತ್ರಿ ಒಂಬತ್ತೂವರೆಗೆ ನೋಟುಬುಕ್ಕಿನ ಫೋಟೊ ತೆಗೆದು, “ಟ್ಯಾಲಿ ಆಗ್ತಾ ಇಲ್ಲ ಸರ್” ಎಂದು ಕಳಿಸುತ್ತಾನೆ. ಉಪನ್ಯಾಸಕರು ಫೋಟೊದ ಮೇಲೆಯೇ ಎರಡನೇ ವರ್ಷದ ಸಾಲಿಗೆ ಕೆಂಪು ಸುತ್ತು ಹಾಕಿ, “ತೊಂಬತ್ತು ಸಾವಿರದ ಮೇಲೆ ಹಾಕೋ ಮಾರಾಯ, ಲಕ್ಷದ ಮೇಲೆ ಅಲ್ಲ. ಒಂಬತ್ತು ಸಾವಿರ ಬರ್ಬೇಕು” ಎಂದು ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸುತ್ತಾರೆ. ಹುಡುಗನಿಗೆ ವಿಧಾನ ಗೊತ್ತಾಯಿತು. ಮೂರನೇ ವರ್ಷದ 8,100 ಅವನೇ ಹಾಕಿದ.

ಈಗ ಇದನ್ನು ‘ವಿಶ್ವವಿದ್ಯಾಲಯ ಮತ್ತು ಕಾಲೇಜು ಬೋಧಕರ ಕನಿಷ್ಠ ಅರ್ಹತೆ’ಗಳ ಕುರಿತ ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕದಲ್ಲಿ ಹುಡುಕೋಣ. ಬಡ್ತಿಗೆ ಬೇಕಾದ ಸಂಶೋಧನಾ ಅಂಕಗಳ ಪಟ್ಟಿಯಲ್ಲಿ ತಂತ್ರಜ್ಞಾನ ಆಧಾರಿತ ಬೋಧನೆಗೆ ಪ್ರತ್ಯೇಕ ಭಾಗವೇ ಇದೆ. ನಾಲ್ಕು ಕ್ರೆಡಿಟ್‌ಗಳ ಪೂರ್ಣ ಮೂಕ್ (ಮುಕ್ತ ಆನ್‌ಲೈನ್) ಕೋರ್ಸು ರೂಪಿಸಿದರೆ 20 ಅಂಕ. ಅದರ ಒಂದು ಘಟಕಕ್ಕೆ 5. ಪೂರ್ಣ ಕೋರ್ಸಿಗೆ ಇ-ಪಠ್ಯ ಮಾಡಿದರೆ 12, ಬಿಡಿ ಘಟಕಕ್ಕೆ 5, ಅದರಲ್ಲೂ ಒಂದು ಅಂಗವನ್ನಷ್ಟೇ ಮಾಡಿಕೊಟ್ಟರೆ 2, ಇಡೀ ಕೋರ್ಸಿನ ಇ-ಪಠ್ಯವನ್ನು ಸಂಪಾದಿಸಿದವರಿಗೆ 10. ಕಲಾ ವಿಭಾಗದವರು ಮಾನ್ಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರೆ 10 ಅಂಕ ಎಂಬುದನ್ನು ನೆನಪಿಟ್ಟರೆ, ಒಂದು ಪೂರ್ಣ ಮೂಕ್ ಕೋರ್ಸು ಎರಡು ಸಂಶೋಧನಾ ಪ್ರಬಂಧಕ್ಕೆ ಸಮ. ಡಿಜಿಟಲ್ ಕೆಲಸವನ್ನು ಯುಜಿಸಿ ಕಡೆಗಣಿಸಿದೆ ಎಂದು ಯಾರೂ ದೂರುವಂತಿಲ್ಲ. ಉದಾರವಾಗಿಯೇ ತೂಗಿದೆ.

ತೂಗಿದ್ದು ತಯಾರಿಕೆಯನ್ನು. ಸವಕಳಿಯ ಮೇಲೆ ಒಂದು ಇ-ಪಠ್ಯ ಘಟಕ ಮಾಡಿಟ್ಟವರಿಗೆ 5 ಅಂಕ; ಅದನ್ನು ಒಬ್ಬನೂ ನೋಡದಿದ್ದರೂ ಅಂಕ ಅಂಕವೇ. ರಾತ್ರಿ ಒಂಬತ್ತೂವರೆಗೆ ಕೆಂಪು ಸುತ್ತು ಹಾಕಿದವರಿಗೆ ಸೊನ್ನೆ. ಬೋಧನೆಯನ್ನು ಅಳೆಯುವ ಇನ್ನೊಂದು ಕೋಷ್ಟಕದಲ್ಲಾದರೂ ಇದಕ್ಕೆ ಜಾಗವಿದೆಯೇ ಎಂದು ನೋಡಿದರೆ, ಅಲ್ಲಿರುವುದು ಹಂಚಿಕೆಯಾದ ತರಗತಿಗಳಲ್ಲಿ ಎಷ್ಟು ತೆಗೆದುಕೊಂಡಿರಿ ಎಂಬ ಶೇಕಡಾವಾರು. 80 ದಾಟಿದರೆ ಉತ್ತಮ, 70 ದಾಟಿದರೆ ಸಮಾಧಾನಕರ. ಜೊತೆಗಿರುವ ಚಟುವಟಿಕೆಗಳ ಪಟ್ಟಿಯಲ್ಲಿ ಆಡಳಿತದ ಹೊಣೆ, ಪರೀಕ್ಷಾ ಕೆಲಸ, ವಿದ್ಯಾರ್ಥಿ ಸಂಘ, ವೃತ್ತಿ ಮಾರ್ಗದರ್ಶನ, ಅಧ್ಯಯನ ಪ್ರವಾಸ, ವಿಚಾರ ಸಂಕಿರಣ ಎಲ್ಲ ಇವೆ. ಹಿಂದೆ ಬಿದ್ದ ವಿದ್ಯಾರ್ಥಿಯ ಸಂಶಯ ಪರಿಹರಿಸುವುದು ಅಲ್ಲಿಲ್ಲ.

ಇನ್ನೊಂದು ವಿಚಿತ್ರವಿದೆ. 2017ರ ಜುಲೈ 9ರಂದು ಉದ್ಘಾಟನೆಯಾದ ಸ್ವಯಂ ವೇದಿಕೆಯ ಕೋರ್ಸುಗಳು ನಾಲ್ಕು ಅಂಗಗಳ ಮೇಲೆ ನಿಂತಿವೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆ, ಸಂಶಯ ಪರಿಹಾರದ ಚರ್ಚೆ. ಎಂದರೆ ರಾಷ್ಟ್ರೀಯ ವೇದಿಕೆಯ ವಿನ್ಯಾಸದಲ್ಲೇ ಆಸರೆಗೆ ನಾಲ್ಕನೇ ಒಂದು ಪಾಲಿದೆ. ಎನ್‌ಪಿಟಿಇಎಲ್ ಕೂಡ ಸ್ಥಳೀಯ ಕಾಲೇಜಿನ ಬೋಧಕರನ್ನು ‘ಮೆಂಟರ್’ ಎಂದು ಹೆಸರಿಸಿ ಗುರುತಿಸುತ್ತದೆ. ವಿನ್ಯಾಸ ಮಾಡಿದವರಿಗೆ ತಿಳಿದಿದ್ದ ಸತ್ಯ ಅಂಕ ಕೊಡುವವರ ಕೈಗೆ ಬರುವಾಗ ಸೋರಿಹೋಗಿದೆ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಮಾರ್ಗದರ್ಶಿ–ವಿದ್ಯಾರ್ಥಿ ಅನುಪಾತ ಕೇಳುತ್ತದೆ. ಕಾಲೇಜು ಒಟ್ಟು ಸಂಖ್ಯೆಯನ್ನು ಭಾಗಿಸಿ ಕೊಡುತ್ತದೆ.

ಪಟ್ಟಿಯ ಹೊರಗಿನವರು

ಮೇಲಿನ ಅಂಕಗಳೆಲ್ಲ ಕಾಯಂ ಬೋಧಕರಿಗೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಸಂಖ್ಯೆ 2022ರ ಆರಂಭದಲ್ಲಿ 14,000 ಮೀರಿತ್ತು. ಹಿಂದೆ ಹೇಳಿದ 24,000 ಬೋಧಕರ ಅಂಕಿಯ ಪಕ್ಕದಲ್ಲಿ ಇದನ್ನಿಟ್ಟರೆ ಸಾಕು, ಕರ್ನಾಟಕ ಎಲ್‌ಎಂಎಸ್ ಯಾರ ಹೆಗಲ ಮೇಲೆ ನಿಂತಿತ್ತು ಎಂದು ತಿಳಿಯುತ್ತದೆ.

ಕೋವಿಡ್ ಕಾಲದುದ್ದಕ್ಕೂ ಇವರಿಗೆ ಇದ್ದ ಗೌರವಧನ ಯುಜಿಸಿ ಅರ್ಹತೆ ಉಳ್ಳವರಿಗೆ ತಿಂಗಳಿಗೆ 13,000 ರೂ., ಇಲ್ಲದವರಿಗೆ 11,000 ರೂ. ಫೋನು, ಡೇಟಾ, ಮನೆಯ ಕರೆಂಟು ಸ್ವಂತದ್ದು. 2021ರ ಡಿಸೆಂಬರ್‌ನಲ್ಲಿ ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದ ಮೇಲೆ, 2022ರ ಜನವರಿ 14ರಂದು ಅಂದಿನ ಉನ್ನತ ಶಿಕ್ಷಣ ಸಚಿವ ಡಾ. ಸಿ.ಎನ್. ಅಶ್ವತ್ಥನಾರಾಯಣ ಹೊಸ ದರ ಪ್ರಕಟಿಸಿದರು: ಅರ್ಹತೆ ಮತ್ತು ಐದು ವರ್ಷ ಮೀರಿದ ಸೇವೆ ಎರಡೂ ಇದ್ದರೆ 32,000, ಸೇವೆ ಕಡಿಮೆಯಿದ್ದರೆ 30,000, ಅರ್ಹತೆ ಇಲ್ಲದವರಿಗೆ ಇದೇ ಕ್ರಮದಲ್ಲಿ 28,000 ಮತ್ತು 26,000. ದುಪ್ಪಟ್ಟಿಗೂ ಮೀರಿದ ಏರಿಕೆ. ಅದನ್ನು ಚಿಲ್ಲರೆ ಎನ್ನುವುದು ಅನ್ಯಾಯ. ಆದರೆ ಅದೇ ಆದೇಶದಲ್ಲಿ ವಾರದ ಕಾರ್ಯಭಾರ ಎಂಟು ಹತ್ತು ಗಂಟೆಯಿಂದ 15 ಗಂಟೆಗೆ ಏರಿತು. ಪಾಠದ ಒಟ್ಟು ಗಂಟೆಗಳು ಅಷ್ಟೇ ಇರುವಾಗ ಒಬ್ಬೊಬ್ಬರ ಪಾಲು ಹೆಚ್ಚಿದರೆ ಬೇಕಾಗುವ ತಲೆಗಳು ಕಡಿಮೆಯಾಗಲೇಬೇಕು. ಹಲವರು ಕೆಲಸ ಕಳೆದುಕೊಂಡರು. ಉಳಿದವರ ಪಾಲಿಗೆ ತರಗತಿಗಳೂ ಹೆಚ್ಚಿದವು, ಸಂಶಯ ಕೇಳುವ ವಿದ್ಯಾರ್ಥಿಗಳೂ ಹೆಚ್ಚಿದರು. 2023ರ ನವೆಂಬರ್‌ನಲ್ಲಿ ಮತ್ತೆ ಮುಷ್ಕರ. ಅದರ ಬೆನ್ನಲ್ಲಿ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂ.ವರೆಗೆ ಏರಿಕೆ, 60 ತುಂಬಿದಾಗ 5 ಲಕ್ಷ ರೂ. ಇಡಿಗಂಟು, ತಿಂಗಳಿಗೊಂದು ರಜೆ ಘೋಷಣೆಯಾದವು.

ಈ ಎರಡೂ ಸುತ್ತಿನ ಮಾತುಕತೆಯಲ್ಲಿ ಗೌರವಧನ, ಭದ್ರತೆ, ಕಾಯಮಾತಿ ಚರ್ಚೆಯಾದವು, ಆಗಬೇಕಾದದ್ದೇ. 15 ಗಂಟೆ ಎಂದರೆ ಕರಿಹಲಗೆಯ ಮುಂದಿನ 15 ಗಂಟೆ ಎಂಬ ಅರ್ಥವನ್ನು ಮಾತ್ರ ಎರಡೂ ಕಡೆಯವರು ಹಾಗೆಯೇ ಒಪ್ಪಿಕೊಂಡರು. ಆನ್‌ಲೈನ್ ಆಸರೆ ಆ ಗಂಟೆಗಳ ಒಳಗೂ ಸೇರಲಿಲ್ಲ, ಮೇಲೂ ಸೇರಲಿಲ್ಲ. ಅತಿಥಿ ಉಪನ್ಯಾಸಕರ ಆಯ್ಕೆ ಪ್ರತಿ ಬಾರಿ ಆನ್‌ಲೈನ್ ಕೌನ್ಸೆಲಿಂಗ್ ಮೂಲಕ ನಡೆಯುವಾಗ ಎಣಿಸುವುದು ವಿದ್ಯಾರ್ಹತೆ ಮತ್ತು ಸೇವೆಯ ವರ್ಷಗಳನ್ನು. ಅವರು ಬೇರೆ ಕಾಲೇಜಿಗೆ ಹೋದರೆ ಅವರೊಂದಿಗೆ ವಾಟ್ಸ್ಆ್ಯಪ್ ಗುಂಪು, ಧ್ವನಿ ಸಂದೇಶಗಳ ಸಂಗ್ರಹ, ಯಾವ ಹುಡುಗಿಗೆ ಯಾವ ಅಧ್ಯಾಯ ತೊಡಕು ಎಂಬ ತಿಳಿವಳಿಕೆ ಎಲ್ಲವೂ ಹೋಗುತ್ತವೆ. ಅನುಭವ ಪತ್ರದಲ್ಲಿ ಉಳಿಯುವುದು ವಿಷಯದ ಹೆಸರು ಮತ್ತು ಎರಡು ತಾರೀಕು.

ಭಾಷೆಯ ಕಾರಣಕ್ಕೂ ಸ್ಥಳೀಯ ಬೋಧಕರ ಜಾಗವನ್ನು ವಿಡಿಯೊ ತುಂಬಲಾರದು. ಈ ಮೂರು ತಾಲೂಕುಗಳ ತರಗತಿಯಲ್ಲಿ ಹವ್ಯಕ, ಕೊಂಕಣಿ, ಹಾಲಕ್ಕಿ ಕನ್ನಡ, ಭಟ್ಕಳದ ನವಾಯತಿ, ಉರ್ದು ಆಡುವ ಮಕ್ಕಳು ಪಕ್ಕಪಕ್ಕ ಕೂತಿರುತ್ತಾರೆ. ಸಂಗ್ರಹದ ಪಾಠ ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೇ ಪಠ್ಯಪುಸ್ತಕದ ಕನ್ನಡದಲ್ಲಿ. ‘ಮಾರಾಯ’ ಎಂದು ಕರೆದು ಅವನ ಮಾತಿಗೆ ಇಳಿಸಿ ಹೇಳುವವರು ಸ್ಥಳೀಯರೇ ಆಗಬೇಕು. ಇಂಥ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರು ಬಹುಮಟ್ಟಿಗೆ ಆಸುಪಾಸಿನ ಊರಿನವರು. ಕೆಲವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಆಸರೆಯ ಹೊರೆ ಅವರ ಮೇಲೆ ಹೆಚ್ಚು ಬೀಳಲು ಇದೂ ಒಂದು ಕಾರಣ.

ಬೋಧಕರಲ್ಲದವರ ವಿಷಯವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2021ರಿಂದ ಪ್ರವೇಶ, ಶುಲ್ಕ, ಪರೀಕ್ಷೆ ಎಲ್ಲವೂ ಯುಯುಸಿಎಂಎಸ್ ತಂತ್ರಾಂಶದ ಮೂಲಕ ಆಗುತ್ತಿವೆ. ಒಟಿಪಿ ಅಪ್ಪನ ಫೋನಿಗೆ ಹೋಗಿ, ಅಪ್ಪ ಮೀನುಗಾರಿಕೆಯ ಬೋಟಿನಲ್ಲಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದನ್ನು ದಡ ಸೇರಿಸುವವರು ಕಚೇರಿಯ ಗುಮಾಸ್ತರು. ಎನ್-ಲಿಸ್ಟ್ ಯೋಜನೆಯಲ್ಲಿ 6,000ಕ್ಕೂ ಹೆಚ್ಚು ಇ-ಪತ್ರಿಕೆಗಳು ಕಾಲೇಜಿಗೆ ಸಿಗುತ್ತವೆ. ಮಕ್ಕಳ ಲಾಗಿನ್ ಮಾಡಿಸಿ, ಮರೆತ ಪಾಸ್‌ವರ್ಡ್ ಮತ್ತೆ ಕೊಟ್ಟು, ಹುಡುಕುವುದು ಹೇಗೆಂದು ತೋರಿಸುವವರು ಗ್ರಂಥಪಾಲಕರು. ಇದೆಲ್ಲ ಕಲಿಕೆಯ ಆಸರೆಯೇ.

ಶಾಲು, ಹಾರ, ಫಲತಾಂಬೂಲ

ನಮ್ಮಲ್ಲಿ ಮನ್ನಣೆಯ ಸಂಸ್ಕೃತಿ ಇಲ್ಲ ಎಂದರೆ ಹೊನ್ನಾವರದವರು ನಕ್ಕಾರು. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ 1934ರಿಂದ ಬಣ್ಣ ಹಚ್ಚುತ್ತಿರುವ ಸೀಮೆಯಿದು. ಆಟದ ನಡುವೆ ರಂಗವನ್ನು ನಿಲ್ಲಿಸಿ ಕಲಾವಿದರಿಗೆ ಸನ್ಮಾನ ಮಾಡಿ, ಸನ್ಮಾನಪತ್ರವನ್ನು ಪೂರ್ತಿ ಓದಿ, ಆಮೇಲೆ ಪ್ರಸಂಗ ಮುಂದುವರಿಸುವ ತಾಳ್ಮೆ ನಮ್ಮ ಪ್ರೇಕ್ಷಕರಿಗಿದೆ. ಕಾಲೇಜುಗಳಲ್ಲೂ ಸೆಪ್ಟೆಂಬರ್ 5ರಂದು ಹಾರ, ನಿವೃತ್ತಿಯ ದಿನ ಶಾಲು, ಪೇಟ, ಫಲತಾಂಬೂಲ, ಸ್ಮರಣಿಕೆ ತಪ್ಪುವುದಿಲ್ಲ. ರಾಜ್ಯ ಸರ್ಕಾರದ ಸರ್ವೋತ್ತಮ ಸೇವಾ ಪ್ರಶಸ್ತಿ ನೌಕರರಿಗಿದೆ. ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2023ರಲ್ಲಿ ಮೊದಲ ಬಾರಿಗೆ ಉನ್ನತ ಶಿಕ್ಷಣ ಮತ್ತು ಪಾಲಿಟೆಕ್ನಿಕ್ ಬೋಧಕರನ್ನೂ ಪರಿಗಣಿಸಿ, ಒಟ್ಟು 75ರಲ್ಲಿ 13 ಪ್ರಶಸ್ತಿಗಳನ್ನು ಅವರಿಗೆ ಕೊಡಲಾಯಿತು.

ನನಗೆ ತೊಡಕಾಗಿ ಕಾಣುವುದು ಈ ಮನ್ನಣೆಯ ಹೊತ್ತು. ಅದು ಬರುವುದು ಕೆಲಸ ಮುಗಿದ ಮೇಲೆ, ವೇದಿಕೆಯ ಮೇಲೆ, ವ್ಯಕ್ತಿಯ ಹೆಸರಿಗೆ. ಆನ್‌ಲೈನ್ ಆಸರೆ ಕೆಲಸ ನಡೆಯುವಾಗಲೇ ಸಮಯ ಬೇಡುತ್ತದೆ. ನಿವೃತ್ತಿಯೇ ಇಲ್ಲದ, ಸೆಮಿಸ್ಟರಿನೊಂದಿಗೆ ಮುಗಿದುಹೋಗುವ ಅತಿಥಿಯ ಸೇವೆಗೆ ಬೀಳ್ಕೊಡುಗೆ ಸಮಾರಂಭವೂ ಇರುವುದಿಲ್ಲ.

ಇದನ್ನು ಬೇರೆ ರೀತಿ ನಿಭಾಯಿಸಿದ ಸಂಸ್ಥೆಯೊಂದರ ಉದಾಹರಣೆ ಉಪಯುಕ್ತ. 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಆರಂಭಿಸಿದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಟಿವಿ, ರೇಡಿಯೊ ಪಾಠಗಳಿಗೆ ಹೆಸರಾಯಿತು. ಆದರೆ ಅದರ ಬೆನ್ನೆಲುಬು ಊರೂರಲ್ಲಿದ್ದ ಅರೆಕಾಲಿಕ ಬೋಧಕರು. ವಿದ್ಯಾರ್ಥಿ ಬರೆದು ಕಳಿಸಿದ ಉತ್ತರದ ಅಂಚಿನಲ್ಲಿ ಟಿಪ್ಪಣಿ ಬರೆದು ತಿದ್ದಿ ಹಿಂತಿರುಗಿಸುವುದು ಅವರ ಕೆಲಸ. ಅದಕ್ಕೆಂದೇ ಅವರ ನೇಮಕ, ಅದಕ್ಕೆಂದೇ ಸಂಬಳ. ದಶಕಗಳ ಕಾಲ ಅವರದ್ದೂ ಅವಧಿ ಒಪ್ಪಂದವೇ. ಬೋಧಕರ ಸಂಘದ ದೀರ್ಘ ಮಾತುಕತೆಯ ಬಳಿಕ 2022ರಲ್ಲಿ ಸುಮಾರು 4,800 ಮಂದಿಯನ್ನು ಕಾಯಂ ಒಪ್ಪಂದಕ್ಕೆ ತರಲಾಯಿತು. ಆ ದೇಶದ ಹಣಬಲ ನಮಗಿಲ್ಲ ಎಂಬ ಆಕ್ಷೇಪ ಸರಿ. ಆದರೆ ತಿದ್ದಿ ಹಿಂತಿರುಗಿಸುವುದನ್ನು ‘ಕೆಲಸ’ ಎಂದು ಹುದ್ದೆಯ ವಿವರದಲ್ಲಿ ಬರೆಯಲು ಹಣ ಬೇಕಾಗಿರಲಿಲ್ಲ. ಅವರು ಅದನ್ನು ಐವತ್ತು ವರ್ಷ ಮೊದಲೇ ಬರೆದಿದ್ದರು.

ಎಣಿಸಿದರೆ ಕೆಡುವ ಭಯ

ಈ ವಾದಕ್ಕೆ ಗಟ್ಟಿಯಾದ ಎದುರುವಾದವೊಂದಿದೆ, ಅದನ್ನು ಕಾಲೇಜಿನ ಒಳಗಿರುವವರೇ ಹೇಳುತ್ತಾರೆ. ಆಸರೆಗೂ ಅಂಕ ಇಟ್ಟರೆ ನಾಳೆಯಿಂದ ಅದರ ಸ್ಕ್ರೀನ್‌ಶಾಟ್ ತೆಗೆಯುವುದೇ ಕೆಲಸವಾಗುತ್ತದೆ. ಜಿಯೋಟ್ಯಾಗ್ ಫೋಟೊ ಇಲ್ಲದೆ ಒಂದು ಗಿಡ ನೆಡಲೂ ಆಗದ ಸ್ಥಿತಿಗೆ ನ್ಯಾಕ್ ನಮ್ಮನ್ನು ತಂದಿಟ್ಟಿದೆ. ಇನ್ನು ವಿದ್ಯಾರ್ಥಿಯ ಸಂಶಯಕ್ಕೂ ದಾಖಲೆ ಇಡಬೇಕೇ? ರಾತ್ರಿ ಬಂದ ಸಂದೇಶಕ್ಕೆ ಉತ್ತರಿಸುವುದು ಕಡ್ಡಾಯವಾದರೆ ಬೋಧಕರಿಗೆ ಮನೆ ಎಂಬುದು ಉಳಿಯುವುದೇ?

ಭಯ ಸಕಾರಣವಾದದ್ದು. ಹಾಗಾಗಿ ಇನ್ನೊಂದು ಅಂಕದ ಅಂಕಣ ಸೇರಿಸಿ ಎಂದು ನಾನು ಸೂಚಿಸುವುದಿಲ್ಲ. ಬೇಕಾದದ್ದು ವೇಳಾಪಟ್ಟಿಯಲ್ಲಿ ಜಾಗ. ಅತಿಥಿ ಉಪನ್ಯಾಸಕರ ವಾರದ 15 ಗಂಟೆಗಳಲ್ಲಿ ಎರಡು ಗಂಟೆಯನ್ನು ಆನ್‌ಲೈನ್ ಸಂಶಯ ಪರಿಹಾರಕ್ಕೆ ಮೀಸಲಿಟ್ಟು ಅದನ್ನು ಕಾರ್ಯಭಾರವೆಂದೇ ಪರಿಗಣಿಸಿದರೆ, ರಾತ್ರಿಯ ಸಂದೇಶಕ್ಕೆ ಮರುದಿನದ ನಿಗದಿತ ಹೊತ್ತಿನಲ್ಲಿ ಉತ್ತರ ಸಿಗುತ್ತದೆ. ಬೋಧಕರಿಗೂ ರಾತ್ರಿ ತಮ್ಮದಾಗುತ್ತದೆ. ಮಳೆರಜೆಯ ದಿನ ಈ ಗಂಟೆಗಳನ್ನು ಒಟ್ಟುಗೂಡಿಸಿ ಬಳಸಬಹುದು. ಕಾರ್ಯಭಾರದ ಲೆಕ್ಕ ಇಲಾಖೆಯ ಕೈಯಲ್ಲಿರುವುದರಿಂದ ಇದಕ್ಕೆ ಯುಜಿಸಿಯ ಅಪ್ಪಣೆ ಬೇಡ. ಅನುಭವ ಪತ್ರದಲ್ಲಿ ಈ ಗಂಟೆಗಳ ಒಂದು ಸಾಲು ಸೇರಿಸುವುದು ಪ್ರಾಂಶುಪಾಲರ ಅಧಿಕಾರದಲ್ಲೇ ಇದೆ. ಕೌನ್ಸೆಲಿಂಗ್‌ನಲ್ಲಿ ಆ ಸಾಲಿಗೆ ಬೆಲೆ ಕೊಡುವುದು ಮಾತ್ರ ಬೆಂಗಳೂರಿನಲ್ಲಿ ಆಗಬೇಕಾದ ತೀರ್ಮಾನ.

2025ರ ಜನವರಿ 6ರಂದು ಯುಜಿಸಿ ಹೊಸ ಕರಡು ನಿಯಮಾವಳಿ ಹೊರಡಿಸಿ, 2018ರ ಅಂಕಗಳ ಲೆಕ್ಕವನ್ನು ಕೈಬಿಟ್ಟು, ಒಂಬತ್ತು ‘ಗಮನಾರ್ಹ ಕೊಡುಗೆ’ಗಳ ಪೈಕಿ ಕನಿಷ್ಠ ನಾಲ್ಕನ್ನು ತೋರಿಸಬೇಕು ಎಂದಿತು. ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯ ಸೇವೆ, ವಿದ್ಯಾರ್ಥಿ ಇಂಟರ್ನ್‌ಶಿಪ್ ಮಾರ್ಗದರ್ಶನ ಅದರಲ್ಲಿವೆ. ಡಿಜಿಟಲ್ ಭಾಗಕ್ಕೆ ಬಂದರೆ ಮತ್ತೆ ಅದೇ: ಮೂಕ್‌ಗಳಿಗೆ ಪಠ್ಯ ತಯಾರಿಕೆ. ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಸಚಿವ ಡಾ. ಎಂ.ಸಿ. ಸುಧಾಕರ್ ಅವರ ಆತಿಥ್ಯದಲ್ಲಿ ಸೇರಿದ ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಕರಡನ್ನು ವಿರೋಧಿಸಿದರು. ವಿರೋಧದ ಕಾವೆಲ್ಲ ಕುಲಪತಿಗಳ ನೇಮಕದ ಅಧಿಕಾರದ ಸುತ್ತ ಇತ್ತು. ತಾಲೂಕು ಕಾಲೇಜಿನ ಪ್ರಾಂಶುಪಾಲರಲ್ಲಿ, ಬೋಧಕರ ಸಂಘಗಳಲ್ಲಿ ನನ್ನ ವಿನಂತಿ ಇದು: ಯುಜಿಸಿಗೂ ಇಲಾಖೆಗೂ ಮುಂದಿನ ಸಲ ಬರೆಯುವಾಗ ಒಂಬತ್ತರ ಪಟ್ಟಿಗೆ ವಿದ್ಯಾರ್ಥಿಯ ಕಲಿಕೆಯ ಆಸರೆಯನ್ನು ಸೇರಿಸಲು ಕೇಳಿ. ಅದಕ್ಕೆ ಕಾಯದೆ, ಬರುವ ಮಳೆಗಾಲದ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಗಂಟೆಯನ್ನು ಇದಕ್ಕೆಂದು ಹೆಸರು ಹಾಕಿ ಬರೆಯಿರಿ.